ರಿಮ್ ಬ್ರೇಕಿನ ಸೈಕಲ್ಲಿಗೆ ಕಾರ್ಬನ್ ಚಕ್ರ: ಬೆಲೆಯ ಲೆಕ್ಕ, ಬಿಸಿಯ ಲೆಕ್ಕ

ವಾರದ ಆರು ದಿನ ಲೋಕಲ್ ರೈಲಿನ ನೂಕುನುಗ್ಗಲಿಗೂ ಕಛೇರಿಯ ಕುರ್ಚಿಗೂ ದೇಹವನ್ನು ಒಪ್ಪಿಸಿ, ಭಾನುವಾರದ ಬೆಳಗಿನ ಜಾವ ಮಾತ್ರ ಅದನ್ನು ಮರಳಿ ಪಡೆಯುವವರು ಮಹಾನಗರದ ಕನ್ನಡಿಗರಲ್ಲಿ ಕಡಿಮೆಯಿಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿತು. ಮೊಣಕಾಲಿಗೆ ಪೆಟ್ಟಾಗದಂತೆ ಆ ನಿಮಿಷಗಳನ್ನು ಪೂರೈಸಲು ಸೈಕಲ್ಲಿಗಿಂತ ಒಳ್ಳೆಯ ಸಾಧನ ಸುಲಭವಾಗಿ ದೊರೆಯದು. ಹೀಗೆ ವೈದ್ಯರ ಮಾತಿಗೆಂದು ಆರಂಭವಾದದ್ದು ಎರಡು ಮೂರು ವರ್ಷಗಳಲ್ಲಿ ಹವ್ಯಾಸವಾಗಿ, ಹವ್ಯಾಸವು ಚಟವಾಗಿ, ಕೊನೆಗೆ ಕಣ್ಣು ಚಕ್ರಗಳ ಮೇಲೆ ಬೀಳುತ್ತದೆ. ಜೊತೆಯ ಸವಾರನೊಬ್ಬನ ಸೈಕಲ್ಲಿನಲ್ಲಿ ಕಪ್ಪಗೆ, ಅಗಲವಾದ ಪಟ್ಟಿಯ ಕಾರ್ಬನ್ ಚಕ್ರಗಳು ಝುಂಯ್ ಎಂದು ತಿರುಗುವುದನ್ನು ಕೇಳಿದ ಮೇಲೆ ತನ್ನ ಅಲ್ಯೂಮಿನಿಯಂ ಚಕ್ರ ಯಾರಿಗಾದರೂ ಮಂಕಾಗಿ ಕಾಣುವುದು ಸಹಜ.

ಆದರೆ ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ರೋಡ್ ಸೈಕಲ್ಲುಗಳಲ್ಲಿ ಹೆಚ್ಚಿನವು ರಿಮ್ ಬ್ರೇಕಿನವು. ವೃತ್ತಿಪರ ರಸ್ತೆ ಪಂದ್ಯಗಳಲ್ಲಿ ಡಿಸ್ಕ್ ಬ್ರೇಕಿಗೆ ಪೂರ್ಣ ಅನುಮತಿ ದೊರೆತದ್ದು 2018ರಲ್ಲಿ. ಅನಂತರವೂ 2019ರಲ್ಲಿ ಎಗಾನ್ ಬೆರ್ನಾಲ್, 2020ರಲ್ಲಿ ತಾದೇಯ್ ಪೊಗಾಚಾರ್ ಟೂರ್ ದ ಫ್ರಾನ್ಸ್ ಗೆದ್ದದ್ದು ರಿಮ್ ಬ್ರೇಕಿನ ಸೈಕಲ್ಲುಗಳ ಮೇಲೆಯೇ. ಆದುದರಿಂದ ರಿಮ್ ಬ್ರೇಕ್ ಎಂದರೆ ಹಳೆಯ ಕಾಲದ ಕಳಪೆ ವಸ್ತು ಎಂದು ನಾಚಬೇಕಾದ ಕಾರಣವೇನೂ ಇಲ್ಲ. ಅಂಗಡಿಗಳು ಮಾತ್ರ ಡಿಸ್ಕಿನ ಕಡೆಗೆ ಹೊರಳಿಬಿಟ್ಟಿವೆ. ದೊಡ್ಡ ಕಂಪನಿಗಳು ರಿಮ್ ಬ್ರೇಕಿನ ಚಕ್ರಗಳನ್ನು ಒಂದೊಂದಾಗಿ ಕೈಬಿಡುತ್ತಿರುವಾಗ, ಆ ತೆರವಾದ ಜಾಗದಲ್ಲಿ ಅಗ್ಗದ ಕಾರ್ಬನ್ ಚಕ್ರಗಳು ಬಂದು ಕುಳಿತಿವೆ. ಬಹುಪಾಲು ಚೀನದಿಂದ ಬರುವ ಇವುಗಳ ಜೋಡಿಗೆ ಅಲ್ಲಿ 400ರಿಂದ 800 ಡಾಲರ್. ಸಾಗಣೆ, ಸುಂಕ, ತೆರಿಗೆಗಳು ಬೇರೆ. ಹೆಸರಾಂತ ಯುರೋಪಿಯನ್ ಚಕ್ರಗಳ ಬೆಲೆಯೊಂದಿಗೆ ಹೋಲಿಸಿದರೆ ಇದು ನಿಜವಾಗಿಯೂ ಅಗ್ಗ. ಪ್ರಶ್ನೆ ಇರುವುದು ಬೇರೆ ಕಡೆ.

ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ಚಕ್ರದ ಕೆಲಸ ಉರುಳುವುದು ಮಾತ್ರ. ನಿಲ್ಲಿಸುವ ಕೆಲಸಕ್ಕೆ ನಡುವಿನಲ್ಲಿ ಉಕ್ಕಿನ ಬಿಲ್ಲೆ ಇದೆ. ರಿಮ್ ಬ್ರೇಕಿನಲ್ಲಿಯಾದರೋ ರಿಮ್ಮೇ ಬ್ರೇಕಿನ ಅರ್ಧಭಾಗ. ಬ್ರೇಕಿನ ರಬ್ಬರು ಎರಡು ಬದಿಗಳಿಂದ ಹಿಡಿಯುವ ಆ ಪಟ್ಟಿಯ ಒಳಮಗ್ಗುಲಲ್ಲಿಯೇ ಗಾಳಿ ತುಂಬಿದ ಟೈರು ಹೊರಕ್ಕೆ ಒತ್ತುತ್ತಿರುತ್ತದೆ. ಕಾರ್ಬನ್ ರಿಮ್ಮೆಂದರೆ ಇಂಗಾಲದ ಎಳೆಗಳನ್ನು ಎಪಾಕ್ಸಿಯೆಂಬ ಅಂಟುರಾಳದಲ್ಲಿ ಹುದುಗಿಸಿ, ಅಚ್ಚಿನಲ್ಲಿಟ್ಟು ಬೇಯಿಸಿ ಗಟ್ಟಿಗೊಳಿಸಿದ ವಸ್ತು. ಎಳೆಗಳಿಗೆ ಬಿಸಿಯ ಭಯವಿಲ್ಲ, ಭಯವಿರುವುದು ರಾಳಕ್ಕೆ. ಒಂದು ತಾಪಮಾನವನ್ನು ದಾಟಿದೊಡನೆ ಗಾಜಿನಂತಿದ್ದ ರಾಳ ರಬ್ಬರಿನಂತೆ ಮೆತ್ತಗಾಗತೊಡಗುತ್ತದೆ. ವ್ಯಾಪಾರಿಗಳ ಭಾಷೆಯಲ್ಲಿ ಇದಕ್ಕೆ ಟಿಜಿ ಎಂದು ಹೆಸರು. ಸಾಧಾರಣ ರಾಳಗಳಲ್ಲಿ ಇದು 120ರಿಂದ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಬ್ರೇಕ್ ಪಟ್ಟಿಗೆಂದೇ ಆರಿಸಿದ ರಾಳಗಳಲ್ಲಿ 200 ಡಿಗ್ರಿಯನ್ನು ಮೀರುತ್ತದೆ. ನೋಡುವ ಕಣ್ಣಿಗೆ ಎರಡೂ ಒಂದೇ ಕಪ್ಪು.

ಈ ಅಂಕಿಗಳು ಎಷ್ಟು ದೊಡ್ಡವು, ಎಷ್ಟು ಚಿಕ್ಕವು ಎಂಬುದು ಒಂದು ಘಾಟಿಯನ್ನು ಇಳಿದರೆ ತಿಳಿಯುತ್ತದೆ. ಪುಣೆಯ ಸವಾರರಿಗೆ ಸಿಂಹಗಡವು ಪರಿಚಿತ. ಕೋಟೆಯ ಬಳಿಯಿಂದ ಬುಡದವರೆಗೆ ರಸ್ತೆ ಸುಮಾರು 600 ಮೀಟರ್ ಇಳಿಯುತ್ತದೆ. 70 ಕಿಲೋ ತೂಕದ ಸವಾರ, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಎಂದಿಟ್ಟುಕೊಂಡರೆ, ಆ ಇಳಿತದಲ್ಲಿ ಎಲ್ಲಿಗಾದರೂ ಹೋಗಿ ಸೇರಲೇಬೇಕಾದ ಶಕ್ತಿ ಸುಮಾರು 4,70,000 ಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಬೇಕಾದಷ್ಟು ಶಾಖ ಅದು. ಇದರಲ್ಲಿ ಒಂದು ಪಾಲನ್ನು ಎದುರುಗಾಳಿ ನುಂಗುತ್ತದೆ, ಉಳಿದದ್ದು ಎರಡು ರಿಮ್ಮುಗಳ ಕಿರಿದಾದ ಪಟ್ಟಿಗಳಿಗೆ ಸೇರುತ್ತದೆ. ಅಲ್ಯೂಮಿನಿಯಂ ಒಳ್ಳೆಯ ಶಾಖವಾಹಕವಾದುದರಿಂದ ಬಿಸಿಯನ್ನು ಇಡೀ ರಿಮ್ಮಿಗೆ ಹಂಚಿ ಗಾಳಿಗೆ ಬಿಟ್ಟುಬಿಡುತ್ತದೆ. ಕಾರ್ಬನ್ನಿನ ಪದರಗಳು ಅಡ್ಡಡ್ಡವಾಗಿ ಶಾಖವನ್ನು ಸಾಗಿಸುವುದು ಬಹಳ ಕಡಿಮೆ. ಬಿಸಿಯೆಲ್ಲ ಹುಟ್ಟಿದಲ್ಲಿಯೇ ಉಳಿದು ಏರುತ್ತ ಹೋಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ಈ ಬಿಸಿಯ ಅಪಾಯ ಹೆಚ್ಚಾಗಿರುವುದು ಧೀರನಾದ ಪಂದ್ಯಪಟುವಿಗಲ್ಲ, ಅಂಜುವ ಗೃಹಸ್ಥನಿಗೆ. ಪಂದ್ಯಪಟು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇಳಿದು, ತಿರುವಿಗೆ ಮುಂಚೆ ಕ್ಷಣಕಾಲ ಬ್ರೇಕ್ ಹಿಡಿದು ಬಿಡುತ್ತಾನೆ. ಅವನ ಶಕ್ತಿಯ ಬಹುಭಾಗವನ್ನು ಗಾಳಿಯೇ ತಿನ್ನುತ್ತದೆ, ನಡುನಡುವೆ ರಿಮ್ಮು ತಣಿಯುತ್ತದೆ. ಮನೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದಿರುವ ಐವತ್ತರ ಸವಾರ 25 ಕಿಲೋಮೀಟರ್ ವೇಗವನ್ನು ಮೀರದಂತೆ ಎರಡೂ ಬ್ರೇಕನ್ನು ಒತ್ತಿಹಿಡಿದೇ ಬುಡದವರೆಗೆ ಬರುತ್ತಾನೆ. ಎಚ್ಚರಿಕೆಯೆಂದು ಅವನು ಎಣಿಸಿರುವುದೇ ರಿಮ್ಮನ್ನು ಬೇಯಿಸುವ ಕ್ರಮ. ತೂಕ ಹೆಚ್ಚಿದ್ದರೆ ಬೇಗೆಯೂ ಅಷ್ಟು ಹೆಚ್ಚು. ರಾಳ ಮೆತ್ತಗಾದಾಗ ಒಳಗಿನ ಗಾಳಿಯ ಒತ್ತಡಕ್ಕೆ ರಿಮ್ಮಿನ ಗೋಡೆ ಹೊರಕ್ಕೆ ಉಬ್ಬುತ್ತದೆ, ಪದರಗಳು ಬಿಡುತ್ತವೆ, ಬ್ರೇಕು ಪ್ರತಿ ಸುತ್ತಿಗೂ ಕುಲುಕತೊಡಗುತ್ತದೆ. ಆ ಕುಲುಕನ್ನು ಗಮನಿಸಿ ನಿಂತವನು ಒಂದು ಚಕ್ರವನ್ನು ಕಳೆದುಕೊಳ್ಳುತ್ತಾನೆ. ಗಮನಿಸದೆ ಮುಂದುವರಿದವನ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಅದು ಮುಂದಿನ ಚಕ್ರವಾಗಿದ್ದರೆ ಹೇಳುವುದೇನೂ ಉಳಿಯುವುದಿಲ್ಲ.

ಆದುದರಿಂದ ಅಗ್ಗದ ಕಾರ್ಬನ್ ಚಕ್ರವನ್ನು ಕೊಳ್ಳಹೊರಟವರು ಮೊದಲು ನೋಡಬೇಕಾದದ್ದು ಚಕ್ರವನ್ನಲ್ಲ, ತಮ್ಮ ರಸ್ತೆಯನ್ನು. ದೆಹಲಿಯ ಸುತ್ತಲಿನ ಬಯಲು, ಚೆನ್ನೈಯ ಈಸ್ಟ್ ಕೋಸ್ಟ್ ರೋಡ್, ಹೈದರಾಬಾದಿನ ಹೊರವರ್ತುಲ ರಸ್ತೆಯ ಬದಿಯಲ್ಲಿ 2023ರಲ್ಲಿ ತೆರೆದ ಸೌರಫಲಕದ ಚಾವಣಿಯ 23 ಕಿಲೋಮೀಟರ್ ಸೈಕಲ್ ಪಥ, ಇವುಗಳಲ್ಲಿ ಬ್ರೇಕಿನ ಬಿಸಿ ಎಂಬುದು ಹೆಸರಿಗಷ್ಟೇ. ಅಲ್ಲಿ ಮಾತ್ರ ಓಡಿಸುವವನಿಗೆ ಸಾಧಾರಣ ಕಾರ್ಬನ್ ರಿಮ್ಮೂ ವರ್ಷಗಟ್ಟಲೆ ಬಾಳೀತು. ಆದರೆ ಮುಂಬಯಿಯವರು ಖಂಡಾಲಾದಿಂದ ಖೋಪೋಲಿಗೆ ಬೋರ್ ಘಾಟ್ ಇಳಿಯುತ್ತಾರೆ. ಚೆನ್ನೈಯವರು 14 ಹೇರ್‌ಪಿನ್ ತಿರುವುಗಳ ಯೇಲಗಿರಿಯನ್ನು, ಉತ್ಸಾಹ ಹೆಚ್ಚಿದರೆ 70 ತಿರುವುಗಳ ಕೊಲ್ಲಿಮಲೆಯನ್ನು ಅರಸಿ ಹೋಗುತ್ತಾರೆ. ರಜೆಗೆ ಊರಿಗೆ ಬಂದವರು ಸೈಕಲ್ಲನ್ನೂ ತಂದಿದ್ದರೆ ನಂದಿಬೆಟ್ಟವನ್ನು ಬಿಡುವುದಿಲ್ಲ. ವರ್ಷಕ್ಕೆ ಒಮ್ಮೆ ಬರುವ ಅಂತಹ ಇಳಿಜಾರಿಗೂ ಚಕ್ರ ಸಿದ್ಧವಾಗಿರಬೇಕು. ಇಲ್ಲವೇ ಆ ದಿನಕ್ಕೆಂದು ಹಳೆಯ ಅಲ್ಯೂಮಿನಿಯಂ ಜೋಡಿಯನ್ನು ಮಾರದೆ ಇಟ್ಟುಕೊಂಡಿರಬೇಕು.

ಎರಡನೆಯದಾಗಿ ಲಾಭದ ಲೆಕ್ಕ. ಹೊಸ ಸೈಕಲ್ಲಿನೊಂದಿಗೆ ಬರುವ ಷಿಮಾನೊ ಆರ್‌ಎಸ್ 100ರಂತಹ ಚಕ್ರಗಳ ಜೋಡಿ ಸುಮಾರು 1,900 ಗ್ರಾಂ ತೂಗುತ್ತದೆ. ಅಗ್ಗದ, 50 ಮಿಲಿಮೀಟರ್ ಆಳದ ಕಾರ್ಬನ್ ಜೋಡಿ 1,500 ಗ್ರಾಂ ಎನ್ನೋಣ. ಉಳಿದ 400 ಗ್ರಾಂ ಒಟ್ಟು 80 ಕಿಲೋದಲ್ಲಿ ಶೇಕಡಾ ಅರ್ಧ. ಐವತ್ತು ನಿಮಿಷದ ಏರಿನಲ್ಲಿ ಉಳಿಯುವ ಸಮಯ ಹೆಚ್ಚೆಂದರೆ ಹದಿನೈದು ಸೆಕೆಂಡು. ಗಾಳಿಯನ್ನು ಸೀಳುವ ಲಾಭವೇನೋ ನಿಜ, ಆದರೆ ಗಾಳಿಯ ಎದುರು ವ್ಯಯವಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಎಂಟು ವ್ಯಾಟ್ ಉಳಿಸುವ ಚಕ್ರವು 25 ಕಿಲೋಮೀಟರಿನಲ್ಲಿ ಉಳಿಸುವುದು ಎರಡೇ ವ್ಯಾಟ್. ಅದೇ ಸವಾರ ಸಾಮಾನ್ಯ ಟೈರುಗಳನ್ನು ತೆಗೆದು ಒಳ್ಳೆಯ ಟೈರುಗಳನ್ನು ಹಾಕಿಸಿದರೆ, ಜೋಡಿಗೆ ಸುಮಾರು ಹತ್ತು ವ್ಯಾಟ್ ಉಳಿತಾಯ ಕಷ್ಟವಲ್ಲ. ಖರ್ಚು ಚಕ್ರದ ಬೆಲೆಯಲ್ಲಿ ಒಂದು ಸಣ್ಣ ಪಾಲು. ಕೈ ಜೋಮು ಹಿಡಿಯುವುದು, ಕತ್ತು ನೋಯುವುದು ಮುಂತಾದ ದೂರುಗಳಿಗೂ ಪರಿಹಾರ ಕಾರ್ಬನ್ನಿನಲ್ಲಿಲ್ಲ. 23 ಮಿಲಿಮೀಟರ್ ಟೈರಿನಿಂದ 25ಕ್ಕೆ, ಸೈಕಲ್ಲಿನಲ್ಲಿ ಜಾಗವಿದ್ದರೆ 28ಕ್ಕೆ ಹೋಗಿ, ಗಾಳಿಯನ್ನು ತುಸು ಇಳಿಸುವುದರಲ್ಲಿ ಅದು ಸಿಕ್ಕೀತು.

ಇಷ್ಟು ಹೇಳಿದರೂ ಆಸೆ ಆಸೆಯೇ. ಕಪ್ಪು ಚಕ್ರದ ಚೆಲುವಿಗೆ ಮರುಳಾಗಿ ಯಾರಾದರೂ ಮುಂಜಾನೆ ಐದಕ್ಕೆ ಏಳುವುದಾದರೆ ಅದೂ ಆರೋಗ್ಯದ ಲಾಭವೇ. ಅಂತಹವರಿಗೆ ಒಂದು ನಡುದಾರಿಯಿದೆ. ಬ್ರೇಕ್ ಪಟ್ಟಿ ಅಲ್ಯೂಮಿನಿಯಂ ಆಗಿದ್ದು, ಉಳಿದ ದೇಹ ಕಾರ್ಬನ್ ಆಗಿರುವ ಚಕ್ರಗಳನ್ನು ಕೆಲವು ಕಂಪನಿಗಳು ವರ್ಷಗಟ್ಟಲೆ ತಯಾರಿಸಿದವು. ಷಿಮಾನೊದ ಸಿ24, ಆರ್‌ಎಸ್ 700 ಸಿ30, ಮಾವಿಕ್ಕಿನ ಕಾಸ್ಮಿಕ್ ಕಾರ್ಬೋನ್ ಇಂತಹವು. ಮಳೆಯಲ್ಲಿ ನಂಬಿಕೆಯಿಂದ ನಿಲ್ಲುತ್ತವೆ, ಘಾಟಿಗೆ ಹೆದರುವುದಿಲ್ಲ. ಹಳೆಯ ದಾಸ್ತಾನಿನಲ್ಲಿ ಅಥವಾ ಒಳ್ಳೆಯ ಸ್ಥಿತಿಯ ಸೆಕೆಂಡ್‌ಹ್ಯಾಂಡಿನಲ್ಲಿ ಸಿಕ್ಕಿದರೆ ಬಿಡಬಾರದ ವಸ್ತುಗಳು. ಬರಿಯ ಅಲ್ಯೂಮಿನಿಯಮ್ಮಿನಲ್ಲಿಯೂ ಕಂಪಾನ್ಯೋಲೊದ ರಿಮ್ ಬ್ರೇಕಿನ ಜೋಂಡಾ ಜೋಡಿ ಸುಮಾರು 1,550 ಗ್ರಾಂ. ತೂಕದಲ್ಲಿ ಅಗ್ಗದ ಕಾರ್ಬನ್ನಿಗೆ ಸರಿಸಮ. ಈ ಒಂದು ಸಂಗತಿ ಹೆಚ್ಚು ಜನರಿಗೆ ತಿಳಿದಿದ್ದರೆ ಎಷ್ಟೋ ಸಂಸಾರಗಳಲ್ಲಿ ಒಂದು ವಾಗ್ವಾದ ತಪ್ಪುತ್ತಿತ್ತು.

ಪೂರ್ಣ ಕಾರ್ಬನ್ನೇ ಬೇಕೆಂಬವರು ಮಾರುವವನನ್ನು ಕೇಳಬೇಕಾದ ಮೊದಲ ಪ್ರಶ್ನೆ, ಈ ರಿಮ್ಮಿನ ಬ್ರೇಕ್ ಪಟ್ಟಿಯ ರಾಳದ ಟಿಜಿ ಎಷ್ಟು ಎಂಬುದು. 200 ಡಿಗ್ರಿಗಿಂತ ಮೇಲೆ ಎಂಬ ಉತ್ತರ ಲಿಖಿತವಾಗಿ ಬಂದರೆ ಮಾತು ಮುಂದುವರಿಸಬಹುದು. ಉತ್ತರವೇ ಬಾರದಿದ್ದರೆ ಅದೇ ಉತ್ತರ. ಬಸಾಲ್ಟ್ ಪಟ್ಟಿ ಎಂಬ ಜಾಹೀರಾತನ್ನು ಕಂಡು ಮೋಸಹೋಗಬಾರದು. ಮೇಲಿನ ಪದರದ ನಾರು ಯಾವ ಕಲ್ಲಿನದಾದರೇನು, ಕೆಳಗಿನ ರಾಳ ಸಾಧಾರಣದ್ದಾದರೆ ಕರಗುವುದು ಅದೇ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಒಪ್ಪಿಗೆ ಪಟ್ಟಿಯಲ್ಲಿ ಹೆಸರಿರುವುದು ಒಳ್ಳೆಯ ಲಕ್ಷಣವೇ, ಆದರೆ ಆ ಪರೀಕ್ಷೆ ಚಕ್ರ ಹೊಡೆತವನ್ನು ತಾಳುತ್ತದೆಯೇ ಎಂಬುದರದು. ಬ್ರೇಕಿನ ಬಿಸಿಯನ್ನು ತಾಳುತ್ತದೆಯೇ ಎಂಬುದರದಲ್ಲ. ಪಟ್ಟಿಯ ಮೇಲೆ ಸಣ್ಣ ಗೀರುಗಳ ವಿನ್ಯಾಸವಿದ್ದರೆ ಮಳೆಯಲ್ಲಿ ಹಿಡಿತ ಉತ್ತಮ. ನುಣುಪಾದ ಕಾರ್ಬನ್ ಪಟ್ಟಿ ಒದ್ದೆಯಾದಾಗ ಬ್ರೇಕ್ ಹಿಡಿದ ಮೊದಲ ಕೆಲವು ಸುತ್ತು ಏನೂ ಆಗದಂತೆ ಜಾರಿ, ಅನಂತರ ತಟ್ಟನೆ ಕಚ್ಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬಯಿಯಲ್ಲಿ ಈ ಎರಡು ಸುತ್ತಿನ ಅಂತರದಲ್ಲಿ ಒಂದು ಆಟೋರಿಕ್ಷಾ ಅಡ್ಡ ಬರುವುದು ಅಪರೂಪದ ಸಂಗತಿಯಲ್ಲ.

ಹೆಸರಿಲ್ಲದ ಮಾಲಿಗಿಂತ ಹೆಸರಿರುವ ಚೀನೀ ಕಂಪನಿಗಳ ಮಾಲು ಲೇಸು. ಷಿಯಾಮೆನ್ ನಗರದಲ್ಲಿ ಈ ಉದ್ಯಮ ಬೇರುಬಿಟ್ಟಿದೆ. ಅಲ್ಲಿಯ ಹಳೆಯ ಕಾರ್ಖಾನೆಗಳು ಸ್ವಂತ ಹೆಸರಿನಲ್ಲಿ ಮಾರಿ, ವಾರಂಟಿಯನ್ನೂ ಕೊಡುತ್ತವೆ. ಇದಕ್ಕೆ ವಿರುದ್ಧವಾಗಿ, ಪ್ರಸಿದ್ಧ ಯುರೋಪಿಯನ್ ಹೆಸರನ್ನು ಅಂಟಿಸಿ ಕಾಲುಬೆಲೆಗೆ ಮಾರುವ ನಕಲಿ ಚಕ್ರಗಳಿವೆ. ಹೆಸರಿನಲ್ಲಿಯೇ ಸುಳ್ಳು ಹೇಳಿದವನು ರಾಳದ ವಿಷಯದಲ್ಲಿ ನಿಜ ಹೇಳುವನೇ? ವಾರಂಟಿಯಲ್ಲಿಯೂ ಒಂದು ಸಾಲನ್ನು ಹುಡುಕಬೇಕು: ಬ್ರೇಕಿನ ಬಿಸಿಯಿಂದಾದ ಹಾನಿ ಅದರಲ್ಲಿ ಸೇರಿದೆಯೇ, ಬಿಟ್ಟಿದೆಯೇ? ಹಲವರು ಅದನ್ನೇ ಬಿಟ್ಟಿರುತ್ತಾರೆ.

ಆಳದ ವಿಷಯದಲ್ಲಿ ದುರಾಸೆ ಬೇಡ. ಆಳವಾದ ಮುಂಚಕ್ರ ಅಡ್ಡಗಾಳಿಗೆ ಹಾಯಿಯಂತೆ ವರ್ತಿಸಿ ಹ್ಯಾಂಡಲನ್ನು ಎಳೆಯುತ್ತದೆ. ಮರೀನ್ ಡ್ರೈವಿನಲ್ಲಿ ಸಮುದ್ರದ ಕಡೆಯಿಂದ ಗಾಳಿ ಬಡಿಯುವಾಗ, ಹೆದ್ದಾರಿಯಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದುಹೋಗುವಾಗ 60 ಕಿಲೋ ತೂಗುವ ಸವಾರನಿಗೆ ಇದು ಆಟವಲ್ಲ. 35ರಿಂದ 45 ಮಿಲಿಮೀಟರ್ ಸಾಕು. ಬೇಕೆಂದರೆ ಹಿಂದಿನದು ಹೆಚ್ಚು ಆಳವಿರಲಿ.

ಅಳತೆಗಳಲ್ಲಿ ಎಡವುವವರೇ ಹೆಚ್ಚು. ಇಂದಿನ ಕಾರ್ಬನ್ ರಿಮ್ಮುಗಳ ಹೊರ ಅಗಲ 25ರಿಂದ 28 ಮಿಲಿಮೀಟರ್. ಹಳೆಯ ಬ್ರೇಕುಗಳು ಅಷ್ಟು ಬಾಯಿ ತೆರೆಯಲಾರವು, ತೆರೆದರೂ ಹಿಂದಿನ ಚೌಕಟ್ಟಿಗೆ ಟೈರು ಉಜ್ಜೀತು. ಕೊಳ್ಳುವ ಮೊದಲೇ ಕ್ಯಾಲಿಪರ್ ಹಿಡಿದು ಅಳೆಯಬೇಕು. ರಿಮ್ ಬ್ರೇಕಿನ ಸೈಕಲ್ಲಿಗೆ ಮುಂದೆ 100, ಹಿಂದೆ 130 ಮಿಲಿಮೀಟರ್ ಅಗಲದ, ಕ್ವಿಕ್ ರಿಲೀಸ್ ಹಬ್ಬುಗಳು ಬೇಕು. ಡಿಸ್ಕಿನ ಚಕ್ರ ಎಷ್ಟೇ ಅಗ್ಗವಾದರೂ ಕೂರುವುದಿಲ್ಲ. ಹಿಂದಿನ ಹಬ್ಬು ಷಿಮಾನೊ 11 ಗೇರಿನದಾಗಿದ್ದು ಮನೆಯಲ್ಲಿರುವುದು 10 ಗೇರಿನ ಹಲ್ಲುಚಕ್ರವಾದರೆ 1.85 ಮಿಲಿಮೀಟರಿನ ಒಂದು ವಾಷರು ಹಾಕಿದರೆ ಸರಿಹೋಗುತ್ತದೆ, ಹೆದರಬೇಕಾಗಿಲ್ಲ. ಟೈರನ್ನು ಕೊಕ್ಕೆಯಂಚಿಲ್ಲದೆ ಹಿಡಿಯುವ ಹುಕ್‌ಲೆಸ್ ರಿಮ್ಮುಗಳ ತಂಟೆ ಬೇಡ. ಅವುಗಳಿಗೆ ಗಾಳಿ 5 ಬಾರ್, ಅಂದರೆ ಸುಮಾರು 72 ಪೌಂಡು ಮೀರಬಾರದು, ಟೈರೂ ಅದಕ್ಕೆಂದೇ ಒಪ್ಪಿತವಾದದ್ದಿರಬೇಕು. ಬೀದಿಬದಿಯ ಪಂಪಿನಲ್ಲಿ ಈ ಶಿಸ್ತನ್ನು ಯಾರು ಕಾಪಾಡಿಯಾರು?

ಕಡ್ಡಿಗಳ ಸಂಖ್ಯೆ ಮುಂದೆ 20, ಹಿಂದೆ 24 ಇದ್ದರೆ ಸಾಧಾರಣ ಮೈಕಟ್ಟಿನವರಿಗೆ ಸಾಲುತ್ತದೆ. ತೂಕ ಹೆಚ್ಚಿದ್ದವರು ಹೆಚ್ಚು ಕಡ್ಡಿ ಕೇಳಬೇಕು, ಚಕ್ರದ ಮೇಲಿನ ತೂಕದ ಮಿತಿಯನ್ನು ಓದಬೇಕು. ಕಡ್ಡಿಯ ತುದಿ ಬಾಗಿದ ಹಳೆಯ ಬಗೆಯದಾಗಿದ್ದು ನಿಪ್ಪಲ್ಲು ರಿಮ್ಮಿನ ಹೊರಗೆ ಕಾಣುವಂತಿದ್ದರೆ, ಓಣಿಯ ಅನುಭವಿ ಮೆಕ್ಯಾನಿಕ್ಕೂ ಬೆಂಡು ತೆಗೆಯಬಲ್ಲ. ನಿಪ್ಪಲ್ಲು ಒಳಗೆ ಅಡಗಿದ್ದರೆ ಪ್ರತಿ ಸಲವೂ ಟೈರು, ಟ್ಯೂಬು ಬಿಚ್ಚಬೇಕು.

ಸೆಕೆಂಡ್‌ಹ್ಯಾಂಡಿನಲ್ಲಿ ಟ್ಯೂಬ್ಯುಲರ್ ಚಕ್ರಗಳು ಅಚ್ಚರಿಯ ಬೆಲೆಗೆ ಸಿಗುತ್ತವೆ. ವೃತ್ತಿಪರರು ರಿಮ್ ಬ್ರೇಕಿನ ಕಾಲದಲ್ಲಿ ಬಹುತೇಕ ಇವನ್ನೇ ಬಳಸಿದರು. ಇವುಗಳಲ್ಲಿ ಟೈರನ್ನು ಹಿಡಿಯುವ ಗೋಡೆಯೇ ಇಲ್ಲದುದರಿಂದ ಗೋಡೆ ಉಬ್ಬುವ ಭಯವೂ ಇಲ್ಲ. ಆದರೆ ಟೈರನ್ನು ಗೋಂದು ಹಚ್ಚಿ ಅಂಟಿಸಬೇಕು, ದಾರಿಯಲ್ಲಿ ಪಂಕ್ಚರಾದರೆ ಇಡೀ ಟೈರನ್ನೇ ಬದಲಿಸಬೇಕು. ಹಿಂದೆ ರಿಪೇರಿಯ ಕಾರು ಬರುವವರಿಗೆ ಅದು ಸರಿ. ಯಾವುದೇ ಹಳೆಯ ಕಾರ್ಬನ್ ರಿಮ್ಮನ್ನು ಕೊಳ್ಳುವಾಗ ಬ್ರೇಕ್ ಪಟ್ಟಿಯ ಮೇಲೆ ಬೆರಳಿನಿಂದ ಒಂದು ಸುತ್ತು ಸವರಿ ನೋಡಬೇಕು: ಉಬ್ಬು, ಗುಳ್ಳೆ, ಕೊಂಚ ಮಾಸಿದ ಬಣ್ಣ ಇವೆಲ್ಲ ಬಿಸಿ ಬಿಟ್ಟುಹೋದ ಗುರುತುಗಳು. ನಾಣ್ಯದಿಂದ ತಟ್ಟುತ್ತ ಹೋದರೆ ಒಂದು ಕಡೆ ಮಾತ್ರ ಸದ್ದು ಮಂದವಾದರೆ ಅಲ್ಲಿ ಪದರ ಬಿಟ್ಟಿರಬಹುದು.

ಕೊಂಡಾದ ಮೇಲೆ ಖರ್ಚು ಮುಗಿಯಿತೆಂದು ತಿಳಿಯಬಾರದು. ಬ್ರೇಕಿನ ರಬ್ಬರು ಕಾರ್ಬನ್ನಿಗೆಂದೇ ಮಾಡಿದ್ದಿರಬೇಕು; ಚಕ್ರ ತಯಾರಕ ಹೇಳಿದ ರಬ್ಬರನ್ನೇ ಹಾಕಬೇಕು, ಇಲ್ಲದಿದ್ದರೆ ವಾರಂಟಿಯೂ ಹೋಗುತ್ತದೆ. ಸ್ವಿಸ್‌ಸ್ಟಾಪ್ ಕಂಪನಿಯ ಯೆಲ್ಲೋ ಕಿಂಗ್, ಬ್ಲ್ಯಾಕ್ ಪ್ರಿನ್ಸ್ ಈ ಜಾತಿಯವು. ಲೇಟೆಕ್ಸ್ ಟ್ಯೂಬು ಬಿಸಿಗೆ ಸೋಲುವುದರಿಂದ ಅನೇಕ ತಯಾರಕರು ಅದನ್ನು ನಿಷೇಧಿಸಿದ್ದಾರೆ. ಈಚಿನ ಟಿಪಿಯು ಟ್ಯೂಬುಗಳಲ್ಲಿ ಕೆಲವು ಡಿಸ್ಕ್ ಬ್ರೇಕಿಗೆ ಮಾತ್ರ ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ. ಸಾಮಾನ್ಯ ಕಪ್ಪು ಬ್ಯೂಟೈಲ್ ಟ್ಯೂಬೇ ಕ್ಷೇಮ, ಅದು ಅಗ್ಗವೂ ಹೌದು.

ಇಳಿಯುವ ಕ್ರಮವನ್ನೂ ಹೊಸದಾಗಿ ಕಲಿಯಬೇಕು. ನೇರವಾದ ಹಾದಿಯಲ್ಲಿ ಬ್ರೇಕನ್ನು ಬಿಟ್ಟು, ತಿರುವಿಗೆ ಮುನ್ನ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ, ಸ್ವಲ್ಪ ಹೊತ್ತು ಹಿಡಿದು, ವೇಗ ತಗ್ಗಿದೊಡನೆ ಪೂರ್ಣವಾಗಿ ಬಿಡಬೇಕು. ಇದು ಒಗ್ಗದಿದ್ದರೆ ಅಥವಾ ವಾಹನ ಸಂದಣಿ ಬಿಡದಿದ್ದರೆ ಘಾಟಿಯ ನಡುವೆ ಒಂದೆರಡು ಕಡೆ ಬದಿಗೆ ನಿಂತು ನೀರು ಕುಡಿಯಬಹುದು; ಐದು ನಿಮಿಷದಲ್ಲಿ ರಿಮ್ಮು ತಣಿಯುತ್ತದೆ, ಜೊತೆಯವರು ಕಾಯುತ್ತಾರೆ. ಸುಟ್ಟ ವಾಸನೆ ಬಂದರೆ, ಲಿವರು ಕುಲುಕಿದರೆ ಕೂಡಲೇ ನಿಲ್ಲಿಸಬೇಕು. ಆ ದಿನ ಮುಂದಿನ ಇಳಿಜಾರಿಗೆ ಟೆಂಪೋ ಹತ್ತುವುದರಲ್ಲಿ ಅವಮಾನವಿಲ್ಲ.

ಅಭ್ಯಾಸಕ್ಕೆ ಅಲ್ಯೂಮಿನಿಯಂ, ಭಾನುವಾರಕ್ಕೆ ಕಾರ್ಬನ್ ಎಂದು ಎರಡು ಜೋಡಿ ಇಟ್ಟುಕೊಂಡವರು ಚಕ್ರದೊಂದಿಗೆ ರಬ್ಬರನ್ನೂ ಬದಲಿಸಲೇಬೇಕು. ಅಲ್ಯೂಮಿನಿಯಮ್ಮಿನ ಮೇಲೆ ಸವೆದ ರಬ್ಬರಿನಲ್ಲಿ ಲೋಹದ ಚೂರುಗಳು ನಾಟಿಕೊಂಡಿರುತ್ತವೆ. ಅವು ಕಾರ್ಬನ್ ಪಟ್ಟಿಯನ್ನು ಒಂದೇ ಸವಾರಿಯಲ್ಲಿ ಗೀರಿ ಹಾಳುಮಾಡಬಲ್ಲವು. ಹಳೆಯ ಕಾಫಿಪುಡಿಯ ಎರಡು ಡಬ್ಬಿಗಳ ಮೇಲೆ ಹೆಸರು ಬರೆದು ಬೇರೆಬೇರೆಯಾಗಿ ಇಟ್ಟರಾಯಿತು.